ಗಾಜಿನೊಳಗಿನ ಗದ್ದೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ಫೋನ್ ಮಾಡಿದಾಗ, "ಸಾಫ್ಟ್‌ವೇರ್ ಬಗ್ಗೆ ಮಕ್ಕಳಿಗೆ ನಾಲ್ಕು ಮಾತು ಹೇಳಿ" ಅಂದಿದ್ದರು. ಒಪ್ಪಿಕೊಂಡೆ. ಆಮೇಲೆ ಯೋಚನೆ ಮಾಡಿದರೆ, ನಾನು ಆಫೀಸಿನಲ್ಲಿ ಮಾಡುವ ಕೆಲಸವನ್ನು ನನ್ನ ಹೆಂಡತಿಗೇ ಇನ್ನೂ ಸರಿಯಾಗಿ ವಿವರಿಸಲು ಬಂದಿಲ್ಲ, ಇಲ್ಲಿ ಹೇಗೆ ವಿವರಿಸಲಿ ಅನ್ನಿಸಿತು. ಹಾಗಾಗಿ ವಿಷಯ ಬದಲಾಯಿಸಿದ್ದೇನೆ. ಬೆಂಗಳೂರಿನ ನಮ್ಮ ಮನೆಯಲ್ಲಿರುವ ಒಂದು ಮೀನಿನ ತೊಟ್ಟಿಯ ಬಗ್ಗೆ, ಅದರ ತಳದ ಮಣ್ಣನ್ನು ಎರಡು ಸಲ ಬದಲಾಯಿಸಿದ ಬಗ್ಗೆ ಮಾತಾಡುತ್ತೇನೆ. ಒಂದು ಸಲ ಕೆಟ್ಟದಾಗಿ ಮಾಡಿದೆ, ಒಂದು ಸಲ ತಕ್ಕಮಟ್ಟಿಗೆ ಸರಿಯಾಗಿ ಮಾಡಿದೆ. ಗದ್ದೆ, ತೋಟ ಮಾಡುವವರು ಇಲ್ಲಿ ತುಂಬಾ ಜನ ಇದ್ದೀರಿ. ನಾನು ಹೇಳುವುದರಲ್ಲಿ ಅರ್ಧ ನಿಮಗೆ ಗೊತ್ತಿರುವುದೇ.

ಮೊದಲು ಈ ಶಾಲೆಯದೇ ಒಂದು ನೆನಪು. ಎಂಟನೇ ತರಗತಿಯಲ್ಲಿದ್ದಾಗ, ಜೂನ್ ತಿಂಗಳ ಮಳೆಗೆ ಮೀನು ಹತ್ತುವ ಸಮಯದಲ್ಲಿ, ಗದ್ದೆಯ ಕಾಲುವೆಯಿಂದ ಆರು ಸಣ್ಣ ಮೀನು ಹಿಡಿದು ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಕೊಂಡು ಶಾಲೆಗೆ ತಂದಿದ್ದೆ. ವಿಜ್ಞಾನದ ಮೇಷ್ಟ್ರು ಬೈಯಲಿಲ್ಲ, ಕಿಟಕಿಯ ಮೇಲೆ ಇಡಲು ಬಿಟ್ಟರು. ನಾನು ದಿನಾ ಬಾಟಲಿ ತೊಳೆದು, ಬಾವಿಯ ಹೊಸ ನೀರು ತುಂಬುತ್ತಿದ್ದೆ. ನಾಲ್ಕನೆಯ ದಿನ ಆರೂ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. "ದಿನಾ ನೀರು ಬದಲಾಯಿಸಿದ್ದೆ ಸಾರ್" ಅಂತ ಅಳುತ್ತಾ ಹೇಳಿದೆ. ಮೇಷ್ಟ್ರು ಕೇಳಿದರು: "ಹಳ್ಳವನ್ನ ಯಾರೋ ದಿನಾ ತೊಳೀತಾರೆ?" ಅಷ್ಟೇ. ಉತ್ತರ ಹೇಳಿಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗಲು ನನಗೆ ಸುಮಾರು ಇಪ್ಪತ್ತು ವರ್ಷ ಬೇಕಾಯಿತು, ಇಪ್ಪತ್ತಕ್ಕೂ ಹೆಚ್ಚು ಮೀನುಗಳ ಜೀವವೂ ಹೋಯಿತು.

2017ರಲ್ಲಿ ಮನೆಗೆ ತೊಟ್ಟಿ ತಂದೆವು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 180 ಲೀಟರ್ ನೀರು ಹಿಡಿಯುತ್ತದೆ. ಬಣ್ಣದ ಕಲ್ಲು, ಪ್ಲಾಸ್ಟಿಕ್ ಗಿಡ, ಬಾಯಿ ತೆರೆದು ಮುಚ್ಚುವ ಮೊಸಳೆ ಇರುವ ತೊಟ್ಟಿಯಲ್ಲ. ನೀರೊಳಗೆ ನಿಜವಾದ ಗಿಡ ಬೆಳೆಸುವ ತೊಟ್ಟಿ. ಜಪಾನಿನ ತಕಾಶಿ ಅಮಾನೊ ಎಂಬ ಛಾಯಾಗ್ರಾಹಕರು ಇಂಥ ತೊಟ್ಟಿಗಳನ್ನು ಒಂದು ಕಲೆಯಂತೆ ಬೆಳೆಸಿ ಜಗತ್ತಿಗೆಲ್ಲ ಹುಚ್ಚು ಹಿಡಿಸಿದರು, 2015ರಲ್ಲಿ ತೀರಿಕೊಂಡರು. ಆ ಹುಚ್ಚು ನನಗೂ ಹಿಡಿಯಿತು. ತಳಕ್ಕೆ ಹಾಕುವುದು ಅದಕ್ಕಾಗಿಯೇ ಮಾಡಿದ ಮಣ್ಣು. ಸತ್ವವಿರುವ ಮಣ್ಣನ್ನು ಉಂಡೆ ಕಟ್ಟಿ, ಬಿಸಿಯಲ್ಲಿ ಒಣಗಿಸಿ, ಮೆಣಸಿನ ಕಾಳಿನಷ್ಟು ದಪ್ಪದ ಹರಳು ಮಾಡಿರುತ್ತಾರೆ. ಮೂರು ಚೀಲ ತಂದು, ಆರು ಸೆಂಟಿಮೀಟರ್ ದಪ್ಪಕ್ಕೆ ಹರಡಿದೆ. ಮಣ್ಣನ್ನು ದುಡ್ಡು ಕೊಟ್ಟು ತಂದೆ ಎಂದು ಅಮ್ಮನಿಗೆ ಹೇಳಲಿಲ್ಲ.

ಆದರೆ ಗಿಡದ ವಿಷಯ ಮುಚ್ಚಿಡಲು ಆಗಲಿಲ್ಲ. ರೊಟಾಲಾ ಎಂಬ ಕೆಂಪು ಚಿಗುರಿನ ಗಿಡವನ್ನು ಅಂಗಡಿಯಲ್ಲಿ ಕಟ್ಟಿನ ಲೆಕ್ಕದಲ್ಲಿ ಕೊಂಡಿದ್ದೆ. ಊರಿಂದ ಬಂದ ಅಮ್ಮ ಕನ್ನಡಕ ಹಾಕಿಕೊಂಡು ಗಾಜಿನ ಹತ್ತಿರ ಹೋಗಿ ನೋಡಿ, "ಇದು ನಾವು ಗದ್ದೆಯಲ್ಲಿ ಕಿತ್ತು ಅಂಚಿಗೆ ಎಸೆಯೋ ಕಳೆಯ ಥರ ಇದೆಯಲ್ಲೋ" ಅಂದರು. ಅಮ್ಮ ಹೇಳಿದ್ದು ಸುಳ್ಳಲ್ಲ. ರೊಟಾಲಾ ಕುಲದ ಹಲವು ಗಿಡಗಳು ಭತ್ತದ ಗದ್ದೆಯ ಕಳೆಗಳೇ. ನಾನು ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ಗಾಜಿನೊಳಗೆ ಮಾಡಿಕೊಂಡಿದ್ದು ಒಂದು ಗದ್ದೆ. ಅಡ್ಡಗದ್ದೆಯವನು ಇನ್ನೇನು ಮಾಡಿಯಾನು?

ಗದ್ದೆ ಎಂದು ತಮಾಷೆಗೆ ಹೇಳುತ್ತಿಲ್ಲ. ನೀರು ನಿಂತ ಗದ್ದೆಯಲ್ಲಿ ಮೇಲಿನ ತೆಳ್ಳಗಿನ ಪದರಕ್ಕೆ ಮಾತ್ರ ಗಾಳಿ ತಾಗುತ್ತದೆ, ಅದು ಕಂದು ಬಣ್ಣಕ್ಕಿರುತ್ತದೆ. ಅದರ ಕೆಳಗೆ ಕಪ್ಪು ಕೆಸರು. ಕಾಲಿಟ್ಟರೆ ಗುಳ್ಳೆ ಏಳುತ್ತದೆ, ವಾಸನೆ ಬರುತ್ತದೆ. ತೊಟ್ಟಿಯ ತಳವೂ ಕಾಲ ಕಳೆದಂತೆ ಹಾಗೆಯೇ ಆಗುತ್ತದೆ.

ಈ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಒಂದು ಕೆಲಸ ನಡೆಯುತ್ತಿರುತ್ತದೆ. ಮೀನು ತಿಂದು ಹೊರಹಾಕಿದ್ದು, ಉಳಿದ ಆಹಾರ, ಉದುರಿದ ಎಲೆ, ಎಲ್ಲ ಕೊಳೆತು ಅಮೋನಿಯಾ ಆಗುತ್ತದೆ. ಕೊಟ್ಟಿಗೆಯಲ್ಲಿ ಬೆಳಿಗ್ಗೆ ಮೂಗಿಗೆ ಹೊಡೆಯುವ ಘಾಟು ಅದೇ. ಮೀನಿಗೆ ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ; ಅದು ಮೀನಿಗೆ ಅಷ್ಟು ತೊಂದರೆಯಿಲ್ಲ, ಗಿಡಕ್ಕೆ ಗೊಬ್ಬರ. ನಮ್ಮ ತೋಟದ ಮಣ್ಣಿನಲ್ಲೂ ಇದೇ ನಡೆಯುತ್ತದೆ. ರಷ್ಯಾದ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಎಂಬ ವಿಜ್ಞಾನಿ 1890ರ ಸುಮಾರಿಗೆ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ತೋರಿಸಿದರು. ಮಕ್ಕಳೇ, ಮುಖ್ಯವಾದ ಮಾತು ಏನೆಂದರೆ, ಈ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲಿಕೊಂಡು ಇರುವುದು ಬಹಳ ಕಡಿಮೆ. ಫಿಲ್ಟರಿನ ಸ್ಪಂಜು, ಮಣ್ಣಿನ ಹರಳು, ಕಲ್ಲು, ಕಟ್ಟಿಗೆ, ಇವುಗಳ ಮೈಗೆ ಅಂಟಿಕೊಂಡು ಬದುಕುತ್ತವೆ. ಹೊಸ ತೊಟ್ಟಿಯಲ್ಲಿ ಅವು ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ನನ್ನ ಹಾರ್ಲಿಕ್ಸ್ ಬಾಟಲಿಗೆ ನಾಲ್ಕು ದಿನವೂ ಸಿಕ್ಕಲಿಲ್ಲ, ಅದನ್ನೂ ನಾನು ದಿನಾ ತೊಳೆಯುತ್ತಿದ್ದೆ.

ಮೂರು ವರ್ಷ ತೊಟ್ಟಿ ಚೆನ್ನಾಗಿತ್ತು. 2020ರ ಹೊತ್ತಿಗೆ ಹರಳೆಲ್ಲ ಒಡೆದು ಕೆಸರಾಯಿತು. ಬೆರಳಿಂದ ಒತ್ತಿದರೆ ಪುಡಿ. ಗಿಡಗಳ ಬೇರಿಗೆ ಗಾಳಿಯಿಲ್ಲ, ಮಣ್ಣಿನಲ್ಲಿ ಸತ್ವವೂ ಮುಗಿದಿತ್ತು. ಹೊಸ ಎಲೆಗಳು ಹಳದಿಯಾಗತೊಡಗಿದವು. ಶೃಂಗೇರಿ ಕೊಪ್ಪದ ಕಡೆಯವರಿಗೆ ಎಲೆ ಹಳದಿಯಾಯಿತು ಎಂದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಬೇರೆಯವರಿಗೆ ಗೊತ್ತಾಗುವುದಿಲ್ಲ. ತೋಟಗಳನ್ನು ತಿಂದ ಆ ಹಳದಿ ಎಲೆ ರೋಗಕ್ಕೂ ನನ್ನ ತೊಟ್ಟಿಗೂ ಸಂಬಂಧವಿಲ್ಲ. ಆದರೂ ನೋಡಿದ ಕೂಡಲೇ ಏನಾದರೂ ಮಾಡಲೇಬೇಕು ಎಂಬ ಅವಸರ ಹುಟ್ಟಿತು.

ಲಾಕ್‌ಡೌನ್ ಸಮಯ. ಮನೆಯಲ್ಲೇ ಕೆಲಸ. ಒಂದು ಭಾನುವಾರ ಬೆಳಿಗ್ಗೆ ಶುರು ಮಾಡಿದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ಗಿಡ ಕಿತ್ತು, ಹಳೆಯ ಮಣ್ಣನ್ನೆಲ್ಲ ಬಾಚಿ ತೆಗೆದೆ. ಗಾಜನ್ನು ಉಜ್ಜಿ ಉಜ್ಜಿ ತೊಳೆದೆ. ಫಿಲ್ಟರಿನ ಸ್ಪಂಜು ಕೊಳಕಾಗಿ ಕಂಡಿತು, ಅದನ್ನೂ ನಲ್ಲಿಯ ಕೆಳಗೆ ಹಿಡಿದು ಬಿಳಿ ನೀರು ಬರುವ ತನಕ ಹಿಂಡಿದೆ. ಹೊಸ ಮಣ್ಣಿನ ಮೂರು ಚೀಲ ಒಡೆದು ಸುರಿದೆ. ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು ತುಂಬಿದೆ. ಸಂಜೆಗೆ ಮೀನು ಬಿಟ್ಟೆ. ತೊಟ್ಟಿ ಎಷ್ಟು ಚೆನ್ನಾಗಿ ಕಂಡಿತೆಂದರೆ ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದೆ.

ಮಂಗಳವಾರ ಬೆಳಿಗ್ಗೆ ಒಂಬತ್ತು ನಿಯಾನ್ ಟೆಟ್ರಾಗಳು ಸತ್ತಿದ್ದವು. ಉಳಿದವು ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ಗುರುವಾರದ ಹೊತ್ತಿಗೆ ಇಪ್ಪತ್ತೆಂಟರಲ್ಲಿ ಐದು ಉಳಿದವು. ನನ್ನ ಮಗಳಿಗೆ ಆಗ ಐದು ವರ್ಷ. ಎಲ್ಲಕ್ಕೂ ಹೆಸರಿಟ್ಟಿದ್ದಳು, ಒಂದರ ಹಾಗೆಯೇ ಇನ್ನೊಂದು ಇರುವ ಮೀನುಗಳನ್ನು ಹೇಗೆ ಗುರುತಿಸುತ್ತಿದ್ದಳೋ ನನಗೆ ಗೊತ್ತಿಲ್ಲ. "ಅಪ್ಪಾ, ನೀನು ಮನೆ ಕ್ಲೀನ್ ಮಾಡಿದ್ದು ಅವಕ್ಕೆ ಇಷ್ಟ ಆಗಲಿಲ್ವಾ?" ಎಂದು ಕೇಳಿದಳು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ.

ಆಮೇಲೆ ಕೂತು ಓದಿದೆ, ಲೆಕ್ಕ ಹಾಕಿದೆ. ಮಣ್ಣಿನ ಜೊತೆ ಬ್ಯಾಕ್ಟೀರಿಯಾದ ಅರ್ಧ ಸಂಸಾರ ಹೋಯಿತು. ಸ್ಪಂಜು ಹಿಂಡಿ ಇನ್ನರ್ಧವನ್ನೂ ಚರಂಡಿಗೆ ಕಳಿಸಿದೆ. ಈ ಜಾತಿಯ ಹೊಸ ಮಣ್ಣು ಮೊದಲ ಕೆಲವು ವಾರ ತಾನೇ ಅಮೋನಿಯಾ ಬಿಡುತ್ತದೆ. ಚೀಲದ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಇದೆಲ್ಲದಕ್ಕಿಂತ ದೊಡ್ಡ ತಪ್ಪು ನೀರಿನದು. ಹಳೆಯ ತೊಟ್ಟಿಯ ನೀರು ಸ್ವಲ್ಪ ಹುಳಿ, ಪಿಎಚ್ ಏಳಕ್ಕಿಂತ ಕೆಳಗೆ. ನಮ್ಮ ಬೋರ್‌ವೆಲ್ಲಿನದು ಗಡಸು, ಪಿಎಚ್ ಎಂಟರ ಹತ್ತಿರ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿರುತ್ತದೆ, ಒಂದು ಹೆಚ್ಚು ವಿಷ, ಇನ್ನೊಂದು ಬಹಳ ಕಡಿಮೆ. 25 ಡಿಗ್ರಿ ಉಷ್ಣತೆಯಲ್ಲಿ, ಪಿಎಚ್ ಏಳು ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪ ಶೇಕಡಾ ಒಂದೂ ಇರುವುದಿಲ್ಲ. ಎಂಟಾದರೆ ಶೇಕಡಾ ಐದು ದಾಟುತ್ತದೆ. ಅಂದರೆ ಅಮೋನಿಯಾ ಅಷ್ಟೇ ಇದ್ದರೂ ವಿಷ ಒಂಬತ್ತು ಹತ್ತು ಪಟ್ಟು. ಹತ್ತನೇ ತರಗತಿಯವರು ಆಮ್ಲ, ಪ್ರತ್ಯಾಮ್ಲದ ಪಾಠವನ್ನು ಪರೀಕ್ಷೆಗೆ ಮಾತ್ರ ಅಂದುಕೊಂಡಿದ್ದರೆ, ನನ್ನ ಇಪ್ಪತ್ಮೂರು ಮೀನುಗಳ ಕಡೆಯಿಂದ ಈ ಮಾತು.

ಆ ವಾರ ಅಪ್ಪಯ್ಯನಿಗೆ ಫೋನ್ ಮಾಡಿದೆ. ಮೀನಿನ ವಿಷಯ ಹೇಳಲು ಅಲ್ಲ. ಮಾತಿನ ನಡುವೆ ಬಂತು. ಅಪ್ಪಯ್ಯ ಸುಮ್ಮನೆ ಕೇಳಿಸಿಕೊಂಡು ಹೇಳಿದರು: "ತೋಟಕ್ಕೆ ಮಣ್ಣು ಹಾಕೋದು ಅಂದ್ರೆ ಹಳೇ ಮಣ್ಣು ಕೆರೆದು ತೆಗೆಯೋದಾ ಮಾರಾಯ? ಹಳೇದರ ಮೇಲೆ ಹಾಕೋದು. ಅದೂ ಇಡೀ ತೋಟಕ್ಕೆ ಒಂದೇ ವರ್ಷ ಯಾರಾದ್ರೂ ಹಾಕ್ತಾರಾ?"

ನಿಮಗೆ ಗೊತ್ತು, ನಮ್ಮಲ್ಲಿ ಬೇಸಿಗೆಯಲ್ಲಿ ಧರೆಯ ಮಣ್ಣು ತಂದು ಅಡಿಕೆ ಮರದ ಬುಡಕ್ಕೆ ಏರಿಸುತ್ತಾರೆ. ಈ ವರ್ಷ ಮೇಲಿನ ತುಂಡು, ಬರುವ ವರ್ಷ ಕೆಳಗಿನ ತುಂಡು. ಕಪ್ಪು ಬಿಡಿಸಿದಾಗ ಸಿಕ್ಕ ಮಣ್ಣೂ ಪಕ್ಕದ ಮರದ ಬುಡಕ್ಕೇ ಹೋಗುತ್ತದೆ. ನಾನು ವಾದ ಮಾಡಿದೆ: "ಅಪ್ಪಯ್ಯ, ತೊಟ್ಟಿಯ ಎತ್ತರ ಒಂದೂವರೆ ಅಡಿ. ಮೇಲೆ ಮೇಲೆ ಹಾಕ್ತಾ ಹೋದ್ರೆ ಮೀನಿಗೆ ಜಾಗ ಇರಲ್ಲ. ಕೆಳಗಿನದು ಗಾಳಿಯಿಲ್ಲದೆ ಕೊಳೆಯುತ್ತೆ." "ಹಾಗಾದ್ರೆ ಮೂರು ಸಲ ಮಾಡು. ಅವಸರ ಯಾರಿಗೆ, ಮೀನಿಗಾ ನಿಂಗಾ?" ಅಂದರು. ಬಿಇ ಓದಿ, ಓಡುತ್ತಿರುವ ಸರ್ವರನ್ನು ನಿಲ್ಲಿಸದೆ ಒಂದೊಂದೇ ತುಂಡು ಬದಲಾಯಿಸುವ ಕೆಲಸಕ್ಕೆ ಸಂಬಳ ತೆಗೆದುಕೊಳ್ಳುವವನಿಗೆ ಇದು ಹೊಳೆದಿರಲಿಲ್ಲ.

ನಾಲ್ಕು ವರ್ಷ ಕಳೆದು 2024ರಲ್ಲಿ ಆ ಮಣ್ಣೂ ಕೆಸರಾಯಿತು. ಈ ಸಲ ತಯಾರಿಯನ್ನು ಒಂದು ತಿಂಗಳ ಮೊದಲೇ ಶುರು ಮಾಡಿದೆ. ಹೊಸ ಮಣ್ಣನ್ನು ಎರಡು ಬಕೆಟ್ಟಿನಲ್ಲಿ ನೀರು ಹಾಕಿ ಬಾಲ್ಕನಿಯಲ್ಲಿ ನೆನೆಸಿಟ್ಟೆ. ಎರಡು ದಿನಕ್ಕೊಮ್ಮೆ ನೀರು ಬಸಿದು ಹೊಸದು ಹಾಕಿದೆ. ಹರಳು ಒಡೆಯದಂತೆ ಕಲಕದೆ. ಬಸಿದ ನೀರು ಹೂವಿನ ಕುಂಡಕ್ಕೆ. ಅಮೋನಿಯಾ ಅಳೆಯುವ ಹನಿ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹಳದಿ ಉಳಿದರೆ ಸೊನ್ನೆ, ಹಸಿರಾದರೆ ಅಪಾಯ. ಬಕೆಟ್ಟಿನ ನೀರು ಮೊದಲ ವಾರ ಕಡು ಹಸಿರು, ನಾಲ್ಕನೆಯ ವಾರ ಹಳದಿ. ಈ ಒಂದೇ ಒಂದು ಹಳದಿ ನನಗೆ ಖುಷಿ ಕೊಟ್ಟಿದ್ದು.

ತೊಟ್ಟಿಯನ್ನು ಮನಸ್ಸಿನಲ್ಲೇ ಮೂರು ಪಾಲು ಮಾಡಿದೆ. ಮೊದಲ ದಿನ ಎಡಗಡೆಯ ಒಂದು ಅಡಿ ಮಾತ್ರ. ಗಟ್ಟಿ ಪ್ಲಾಸ್ಟಿಕ್ ಹಾಳೆಯೊಂದನ್ನು ತಳದ ತನಕ ಇಳಿಸಿ ಅಡ್ಡ ಕಟ್ಟಿದೆ, ಗದ್ದೆಗೆ ಅಂಚು ಹಾಕಿದ ಹಾಗೆ. ಮಣ್ಣನ್ನು ಕೈಯಿಂದ ಬಾಚಲಿಲ್ಲ. ಬಾಚಿದರೆ ಕೆಸರು ಎದ್ದು ಇಡೀ ನೀರಿಗೆ ಹರಡುತ್ತದೆ. ಒಂದಿಂಚಿನ ಪೈಪಿನಿಂದ ಸೈಫನ್ ಮಾಡಿದರೆ ಮಣ್ಣು, ಕೆಸರು, ನೀರು ಮೂರೂ ಒಟ್ಟಿಗೆ ಬಕೆಟ್ಟಿಗೆ ಬರುತ್ತವೆ. ನಾಲ್ಕು ಬಕೆಟ್ ತುಂಬುವಷ್ಟರಲ್ಲಿ ನಿಲ್ಲಿಸಲೇಬೇಕು, ಇಲ್ಲದಿದ್ದರೆ ಮೀನಿಗೆ ನೀರು ಸಾಲದು. ನೆನೆಸಿದ ಮಣ್ಣನ್ನು ಬಟ್ಟಲಿನಲ್ಲಿ ಇಳಿಸಿ ತಳದಲ್ಲೇ ಮಗುಚಿದೆ. ಮಳೆನೀರನ್ನು ಬೋರ್‌ವೆಲ್ ನೀರಿಗೆ ಬೆರೆಸಿ, ಪಿಎಚ್ ಹಳೆಯ ನೀರಿನ ಹತ್ತಿರಕ್ಕೆ ತಂದು, ನಿಧಾನಕ್ಕೆ ತುಂಬಿದೆ. ಫಿಲ್ಟರನ್ನು ಆ ತಿಂಗಳೆಲ್ಲ ಮುಟ್ಟಲಿಲ್ಲ. ಕಾವೇರಿ ನೀರು ಬರುವ ಮನೆಯವರು ಅದರ ಕ್ಲೋರಿನ್ ಕೂಡ ತೆಗೆಯಬೇಕು. ಬ್ಯಾಕ್ಟೀರಿಯಾ ಕೊಲ್ಲಲೆಂದೇ ಹಾಕುವ ಔಷಧಿ ಅದು, ಒಳ್ಳೆಯದು ಕೆಟ್ಟದ್ದು ಎಂದು ನೋಡಿ ಕೊಲ್ಲುವುದಿಲ್ಲ.

ಎರಡು ವಾರ ಬಿಟ್ಟು ಬಲಗಡೆಯ ಪಾಲು. ಪ್ರತಿ ಸಂಜೆ ಅಮೋನಿಯಾ ಅಳೆದು ಪುಸ್ತಕದಲ್ಲಿ ಬರೆದೆವು. ಬರೆದದ್ದು ಮಗಳು, ಈಗ ಅವಳಿಗೆ ಒಂಬತ್ತು. ಮೊದಲ ಎರಡು ದಿನ ಬಣ್ಣ ಸ್ವಲ್ಪ ತಿರುಗಿ, ಮೂರನೆಯ ದಿನ ಮತ್ತೆ ಸೊನ್ನೆ. ಕ್ರಿಪ್ಟೊಕೊರೈನ್ ಎಂಬ ಗಿಡದ ಎಲೆಗಳೆಲ್ಲ ಗಂಜಿಯ ಹಾಗೆ ಕರಗಿದವು. ಬೇರು ಕದಲಿದರೆ ಅದರ ಜಾಯಮಾನವೇ ಹಾಗೆ, ಕಿತ್ತೆಸೆಯಬಾರದು. ತಿಂಗಳೊಳಗೆ ಹೊಸ ಎಲೆ ಬಂತು. ಆ ಕುಲದ ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹಳ್ಳಗಳಲ್ಲೂ ಬೆಳೆಯುತ್ತವೆ. ಮಳೆಗಾಲದ ಪ್ರವಾಹ ಎಳೆದಾಡಿದ ಮೇಲೂ ಬೇರಿನಿಂದ ಚಿಗುರಿ ಅಭ್ಯಾಸ ಇರಬೇಕು.

ಎಲ್ಲ ಸುಸೂತ್ರ ಆಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕೊನೆಯ ಪಾಲು ನಡುವಿನದು, ದೊಡ್ಡ ಕಟ್ಟಿಗೆಯ ಕೆಳಗೆ. ಕಟ್ಟಿಗೆ ಎತ್ತಿದೆ, ಕಪ್ಪು ಮಣ್ಣಿನಿಂದ ದೊಡ್ಡ ಗುಳ್ಳೆಗಳು ಎದ್ದವು, ಕೊಳೆತ ಮೊಟ್ಟೆಯ ವಾಸನೆ. ಹೈಡ್ರೋಜನ್ ಸಲ್ಫೈಡ್. ಮಗಳು ಮೂಗು ಮುಚ್ಚಿಕೊಂಡೇ ಬಲೆ ಹಿಡಿದು ಮೀನುಗಳನ್ನು ಹಳೆಯ ನೀರಿನ ಬಕೆಟ್ಟಿಗೆ ಸಾಗಿಸಿದಳು. ತಳದಲ್ಲೇ ಓಡಾಡುವ ಒಂದು ಕೋರಿಡೋರಾಸ್ ಉಳಿಯಲಿಲ್ಲ. 2020ರ ಐದರಲ್ಲಿ ಅದೂ ಒಂದಾಗಿತ್ತು.

ಇದನ್ನು ಹವ್ಯಾಸ ಮಾಡಿಕೊಂಡ ಕೆಲವರು ನನ್ನ ಮೂರು ಕಂತಿನ ಕೆಲಸಕ್ಕೆ ನಗುತ್ತಾರೆ. ಫಿಲ್ಟರನ್ನು ಜೋಪಾನ ಮಾಡಿ, ಮೀನನ್ನು ಬೇರೆ ಇಟ್ಟು ಒಂದೇ ದಿನ ಮುಗಿಸುವುದು ಮೇಲು, ಮೂರು ಸಲ ಕೆಸರು ಕದಡುವುದಕ್ಕಿಂತ ಒಂದು ಸಲ ವಾಸಿ ಎನ್ನುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಎರಡಡಿಗಿಂತ ಸಣ್ಣ ತೊಟ್ಟಿಯಾದರೆ ನಾನೂ ಹಾಗೇ ಮಾಡುತ್ತೇನೆ. ಕಟ್ಟಿಗೆಯ ಕೆಳಗಿನ ಪಾಲಿಗಾದರೂ ಮೀನುಗಳನ್ನು ಮೊದಲೇ ತೆಗೆದಿಡಬೇಕಿತ್ತು, ಅದು ನನ್ನ ತಪ್ಪು.

ಇನ್ನು ತೆಗೆದ ಮಣ್ಣಿನ ವಿಷಯ. ಇಲ್ಲಿಯ ಮಕ್ಕಳಿಗೆ ಮುಖ್ಯವಾಗಿ ಹೇಳಬೇಕು ಅಂತ ಬಂದದ್ದು ಇದೇ. ಆ ಮಣ್ಣಿನಲ್ಲಿ ಹೊರದೇಶದ ಗಿಡಗಳ ಬೇರಿನ ತುಂಡು, ಬಸವನಹುಳದ ಮೊಟ್ಟೆ ಎಲ್ಲ ಇರುತ್ತವೆ. ಅದನ್ನು ಟೆರೇಸಿನ ಮೇಲೆ ಹರಡಿ, ಬಿಸಿಲಿಗೆ ಪೂರ್ತಿ ಒಣಗಿಸಿ, ಕುಂಡಗಳಿಗೆ ಹಾಕಿದೆ. ಹಳ್ಳಕ್ಕೋ ಕೆರೆಗೋ ಹಾಕಬಾರದು. ಮೀನನ್ನಂತೂ ಬಿಡಲೇಬಾರದು. ಅಂಗಡಿಯಲ್ಲಿ ಗಾಜು ಸ್ವಚ್ಛ ಮಾಡುತ್ತದೆ ಎಂದು ಮಾರುವ ಸಕ್ಕರ್ ಮೀನು ಹೀಗೇ ಯಾರೋ ಬಿಟ್ಟದ್ದು, ಈಗ ನಮ್ಮ ದೇಶದ ಎಷ್ಟೋ ಕೆರೆ ನದಿಗಳಲ್ಲಿ ತುಂಬಿದೆ. ಅದರ ಮೈ ತುಂಬ ಮುಳ್ಳಿನ ಕವಚ, ಮೀನುಗಾರರ ಬಲೆ ಹರಿಯುತ್ತದೆ. "ಪಾಪ, ಕೊಲ್ಲುವುದು ಬೇಡ" ಎಂದು ಪುಣ್ಯದ ಕೆಲಸವೆಂದೇ ಬಿಡುತ್ತಾರೆ. ನಮ್ಮ ಹಳ್ಳಗಳ ನೀರು ಹೋಗುವುದು ತುಂಗೆಗೆ. ಶೃಂಗೇರಿಯ ಮೆಟ್ಟಿಲ ಹತ್ತಿರ ನಾವೆಲ್ಲ ಮಂಡಕ್ಕಿ ಹಾಕಿದ ಆ ದೊಡ್ಡ ಮೀನುಗಳು, ಕೆಳಗೆ ತೀರ್ಥಹಳ್ಳಿಯ ಹತ್ತಿರದ ಚಿಪ್ಪಲಗುಡ್ಡೆ ಮತ್ಸ್ಯಧಾಮದ ಮೀನುಗಳು, ಹಿಡಿಯಬಾರದು ಎಂದು ಜನ ಕಾಪಾಡಿಕೊಂಡು ಬಂದವು. ಹಿಡಿಯದೆ ಕಾಪಾಡಿದ್ದನ್ನು ನಾವು ಬೇರೆ ಮೀನು ಬಿಟ್ಟು ಹಾಳು ಮಾಡಬಾರದು.

ಕೊನೆಗೆ ಒಂದು ವಿಷಯ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ವಿಜ್ಞಾನದ ಕೋಣೆಯಲ್ಲಿ, ನನ್ನ ಹಾರ್ಲಿಕ್ಸ್ ಬಾಟಲಿ ಇದ್ದ ಅದೇ ಕಿಟಕಿಯಿಂದ ಸ್ವಲ್ಪ ಈಚೆಗೆ, ಎರಡಡಿಯ ಒಂದು ತೊಟ್ಟಿ ಇಟ್ಟಿದ್ದೇವೆ. ಕಿಟಕಿಯ ಮೇಲೇ ಇಟ್ಟರೆ ಬಿಸಿಲಿಗೆ ಪಾಚಿ ಕಟ್ಟುತ್ತದೆ. ಊಟಕ್ಕೆ ಹೋಗುವಾಗ ನೋಡಿಕೊಂಡು ಹೋಗಿ. ನೋಡಿದವರಿಗೆ ನಿರಾಸೆ ಆಗಬಹುದು, ಅದರಲ್ಲಿ ಮೀನಿಲ್ಲ. ಮಣ್ಣು, ಅದರ ಮೇಲೆ ಒಂದಿಂಚು ಮರಳು, ನಾಲ್ಕು ಗಿಡ, ನೀರು, ಅಷ್ಟೇ. ನಮ್ಮ ತೊಟ್ಟಿಯ ಫಿಲ್ಟರಿನಿಂದ ಒಂದು ತುಂಡು ಸ್ಪಂಜನ್ನು ಒದ್ದೆಯಾಗಿಯೇ ಡಬ್ಬಿಯಲ್ಲಿ ತಂದು ಹಾಕಿದ್ದೇನೆ, ಮಜ್ಜಿಗೆಗೆ ಹೆಪ್ಪು ತಂದ ಹಾಗೆ. ಮೀನು ಆರು ವಾರ ಬಿಟ್ಟು. ಅಲ್ಲಿಯ ತನಕ ಒಂಬತ್ತನೇ ತರಗತಿಯ ಮಕ್ಕಳು ದಿನಾ ಸಂಜೆ ಅಮೋನಿಯಾ ಅಳೆದು ಬರೆಯುತ್ತಾರೆ. ಪುಸ್ತಕಕ್ಕೆ ಮೊದಲ ದಿನದ ಸಾಲನ್ನು ನಿನ್ನೆ ನನ್ನ ಮಗಳು ಗೆರೆ ಹಾಕಿ ಬರೆದುಕೊಟ್ಟಿದ್ದಾಳೆ. ಯಾರೂ ಆ ತೊಟ್ಟಿಯನ್ನು ತೊಳೆಯಬೇಡಿ.